ಹಡಗು ಒಂದೂವರೆ ಗಂಟೆ, ಪಾಸ್‌ಪೋರ್ಟು ಹನ್ನೊಂದು ತಿಂಗಳು

ಸ್ವಲ್ಪ ಉದ್ದ ಆಗುತ್ತೆ, ಪುರುಸೊತ್ತಿದ್ದಾಗ ಓದಿ.

ಮೊನ್ನೆ ನನ್ನ ಗೆಳೆಯನ ಮಗ ಇಂಗ್ಲೆಂಡಿನಿಂದ ವಾಯ್ಸ್ ಮೆಸೇಜ್ ಕಳಿಸಿದ್ದ. ನಮ್ಮ ಭದ್ರಾವತಿ ಹುಡುಗ. ಅಪ್ಪ ವಿಐಎಸ್‌ಎಲ್‌ನಲ್ಲಿ ಗುತ್ತಿಗೆ ಕೆಲಸಕ್ಕಿದ್ದವನು. ಇವನು ಸ್ಕಾಲರ್‌ಶಿಪ್ ಮೇಲೆ ಅಲ್ಲಿ ಎಂ.ಎಸ್ಸಿ. ಓದ್ತಿದಾನೆ. ರಜೆಗೆ ಸ್ನೇಹಿತನ ಕಾರಲ್ಲಿ ಡೋವರ್ ಬಂದರಿಗೆ ಹೋಗಿ, ಕಾರು ಸಮೇತ ಹಡಗು ಹತ್ತಿ, ಇಂಗ್ಲಿಷ್ ಕಡಲ್ಗಾಲುವೆ ದಾಟಿ ಫ್ರಾನ್ಸಿನ ಕ್ಯಾಲೆಯಲ್ಲಿ ಇಳಿದರಂತೆ. ಹಡಗಿನ ಹೊಟ್ಟೆಯೊಳಗೆ ಲಾರಿ, ಬಸ್ಸು, ಕಾರು ಸಾಲಾಗಿ ನಿಲ್ಲಿಸಿ ಜನ ಮೆಟ್ಟಿಲು ಹತ್ತಿ ಮೇಲೆ ಹೋಗಬೇಕು. ಒಂದೂವರೆ ಗಂಟೆ ಪಯಣ. ಫ್ರಾನ್ಸಿನ ಪೊಲೀಸರು ಈಚೆ ದಡದ ಡೋವರಿನಲ್ಲೇ ಕೂತು ಪಾಸ್‌ಪೋರ್ಟ್ ನೋಡ್ತಾರೆ, ಎರಡು ದೇಶಗಳ ಒಪ್ಪಂದ ಹಾಗಿದೆ. ಗಾಜು ಇಳಿಸಿ ನಾಲ್ಕು ಪಾಸ್‌ಪೋರ್ಟ್ ಕೊಟ್ಟರು. ವೀಸಾ ನೋಡಿದರು, ಮುಖ ನೋಡಿದರು, ಹೋಗಿ ಅಂದರು.

"ಅಂಕಲ್, ಎರಡೇ ನಿಮಿಷ. ಯಾವ ಕೇರಿ, ಯಾರ ಮಗ ಅಂತ ಒಬ್ರೂ ಕೇಳ್ಲಿಲ್ಲ" ಅಂತ ನಕ್ಕ. ನನಗೆ ನಗು ಬರಲಿಲ್ಲ. ಆ ಪಾಸ್‌ಪೋರ್ಟಿಗಾಗಿ ಅವನ ಜೊತೆ ಅಲೆದವನು ನಾನು.

ಅರ್ಜಿ ಹಾಕೋದೇನೋ ಈಗ ಸುಲಭ. ಶಿವಮೊಗ್ಗದ ಅಂಚೆ ಕಚೇರಿಯಲ್ಲೇ ಪಾಸ್‌ಪೋರ್ಟ್ ಸೇವಾ ಕೇಂದ್ರ ಇದೆ, ಬೆಂಗಳೂರು ರೈಲು ಹತ್ತಬೇಕಿಲ್ಲ. ಸಾವಿರದ ಐನೂರು ರೂಪಾಯಿ ಕಟ್ಟಿ ಬೆರಳಚ್ಚು, ಫೋಟೋ ಕೊಟ್ಟು ಬಂದ. ಆಮೇಲೆ ಶುರುವಾಯ್ತು. ಠಾಣೆಯಿಂದ ಪರಿಶೀಲನೆಗೆ ಒಬ್ಬರು ಬಂದರು (ಯಾವ ಠಾಣೆ ಅಂತ ಹೇಳೋಕೆ ಹೋಗಲ್ಲ). "ಇದೇನು, ಕಾಲೋನಿನಾ?" ಅನ್ನೋದೇ ಮೊದಲ ಪ್ರಶ್ನೆ. ಮನೆಗೆ ಹಕ್ಕುಪತ್ರ ಇದೆಯಾ ಅಂದರು. ಕಾಲೋನಿಯವರ ಸಾಕ್ಷಿ ಬೇಡ, ಊರಿನ ಇಬ್ಬರು ಗೌರವಸ್ಥರನ್ನ ಕರ್ಕೊಂಡು ಬನ್ನಿ ಅಂದರು. ಹುಡುಗನ ತಾಯಿ ಟೀ ಕೊಟ್ಟಳು, ಮುಟ್ಟಲಿಲ್ಲ. ಆ ಲೋಟ ಅಲ್ಲೇ ಕಟ್ಟೆ ಮೇಲೆ ಇತ್ತು, ಅವರು ಹೋದ ಮೇಲೂ ಅವಳು ಅದನ್ನ ತೆಗೀಲಿಲ್ಲ. ಎರಡು ವಾರ ಕಳೆದು ವರದಿ ಹೋಯಿತು: ಅರ್ಜಿದಾರ ವಿಳಾಸದಲ್ಲಿ ಸಿಗಲಿಲ್ಲ! ಮತ್ತೆ ಪತ್ರ, ಮತ್ತೆ ಪರಿಶೀಲನೆ. ಅಷ್ಟರಲ್ಲಿ ಅಂಕಪಟ್ಟಿಯಲ್ಲಿ ಅಪ್ಪನ ಹೆಸರು ಒಂದು ಥರ, ಆಧಾರ್‌ನಲ್ಲಿ ಇನ್ನೊಂದು ಥರ ಅಂತ ಇನ್ನೊಂದು ತಕರಾರು. ಸ್ಕೂಲಿಗೆ ಸೇರಿಸುವಾಗ ಮೇಷ್ಟ್ರು ಏನು ಬರೆದರೋ ಅದೇ ನಮ್ಮ ಹೆಸರು, ನಮ್ಮ ಜನ್ಮದಿನ. ನನ್ನದೂ ಜೂನ್ ಒಂದೇ, ನನ್ನ ತಮ್ಮನದೂ ಜೂನ್ ಒಂದೇ. ಒಟ್ಟು ಹನ್ನೊಂದು ತಿಂಗಳು. ಯೂನಿವರ್ಸಿಟಿಯ ಸೀಟು ಕೈತಪ್ಪೋಕೆ ಒಂಬತ್ತು ದಿನ ಇದ್ದಾಗ ಪಾಸ್‌ಪೋರ್ಟ್ ಬಂತು.

ನನ್ನ ಮಾತು ಇಷ್ಟೇ. ಗಡಿ ಇರೋದು ಡೋವರಿನಲ್ಲಲ್ಲ, ಬೆಂಗಳೂರು ಏರ್‌ಪೋರ್ಟಿನಲ್ಲೂ ಅಲ್ಲ. ನಮಗೆ ಗಡಿ ಶುರುವಾಗೋದು ಕಾಲೋನಿಯ ತಿರುವಿನಲ್ಲಿ.

ನಮ್ಮ ಜಿಲ್ಲೆಯಲ್ಲೂ ಕಾರು ದಾಟಿಸೋ ಲಾಂಚ್ ಇತ್ತಲ್ಲ. ಲಿಂಗನಮಕ್ಕಿಯ ಶರಾವತಿ ಹಿನ್ನೀರಲ್ಲಿ ಅಂಬಾರಗೋಡ್ಲಿಂದ ಕಳಸವಳ್ಳಿಗೆ ಬಸ್ಸು, ಕಾರು ಹೊತ್ತು ಹೋಗ್ತಿತ್ತು. ಸಿಗಂದೂರಿಗೆ ಹೋಗುವವರಿಗೆ ಅದು ಮೋಜು, ತುಮರಿ ಕಡೆಯವರಿಗೆ ಹೆರಿಗೆ ನೋವಲ್ಲೂ ಕಾಯಬೇಕಾದ ಶಿಕ್ಷೆ. ಊರು ಮುಳುಗಿಸಿ ಕರೆಂಟು ತಗೊಂಡ ಸರ್ಕಾರ ಸೇತುವೆ ಕೊಟ್ಟಿದ್ದು 2025ರ ಜುಲೈ 14ಕ್ಕೆ. ಅಣೆಕಟ್ಟು ಮುಗಿದಿದ್ದು 1964ರಲ್ಲಿ. ದಾಟೋ ಹಕ್ಕು ಯಾರಿಗೆ ಎಷ್ಟು ಬೇಗ ಸಿಗುತ್ತೆ ಅನ್ನೋದನ್ನ ಇದರಲ್ಲೇ ಲೆಕ್ಕ ಹಾಕಿ.

ಈಗ ಹಕ್ಕಿ-ಪಿಕ್ಕಿ ಜನರ ವಿಚಾರ. 2023ರ ಏಪ್ರಿಲ್ 15ಕ್ಕೆ ಸುಡಾನ್‌ನಲ್ಲಿ ಯುದ್ಧ ಶುರುವಾದಾಗ ನಮ್ಮ ರಾಜ್ಯದ ಹಕ್ಕಿ-ಪಿಕ್ಕಿಗಳು ಅಲ್ಲಿ ಸಿಕ್ಕಿಹಾಕಿಕೊಂಡರು. ನಮ್ಮ ಜಿಲ್ಲೆಯವರು, ಪಕ್ಕದ ಚನ್ನಗಿರಿಯವರು, ಹುಣಸೂರಿನವರು. ಗಿಡಮೂಲಿಕೆ, ತಲೆಗೂದಲ ಎಣ್ಣೆ ಮಾರೋಕೆ ಹೋದವರು. ನಮ್ಮಲ್ಲಿ ಎಲೆಕ್ಷನ್ ಗಲಾಟೆ. ಸಿದ್ದರಾಮಯ್ಯ ಮತ್ತು ವಿದೇಶಾಂಗ ಸಚಿವ ಜೈಶಂಕರ್ ಟ್ವಿಟರ್‌ನಲ್ಲಿ ಕಿತ್ತಾಡಿದ್ದು ನೆನಪಿರಬಹುದು. ಎಲ್ ಫಾಶರ್‌ನಂಥ ದೂರದ ಊರುಗಳಲ್ಲಿ ಅನ್ನ ನೀರಿಲ್ಲದೆ ಕೂತಿದ್ದವರು ಆಮೇಲೆ ಪೋರ್ಟ್ ಸುಡಾನ್ ತಲುಪಬೇಕಿತ್ತು. ಅಲ್ಲಿಂದ ಆಪರೇಷನ್ ಕಾವೇರಿಯ ನೌಕಾಪಡೆ ಹಡಗುಗಳು ಜನರನ್ನ ಕೆಂಪು ಸಮುದ್ರ ದಾಟಿಸಿ ಜೆಡ್ಡಾಕ್ಕೆ ಬಿಟ್ಟವು. ಐಎನ್‌ಎಸ್ ಸುಮೇಧಾದಲ್ಲಿ ಮೊದಲ ತಂಡ, 278 ಜನ. ಅದೂ ಒಂದು ಫೆರಿಯೇ ಅಲ್ವಾ.

ಆಗ ಎಷ್ಟು ಜನ ಅಂದಿದ್ದರು, "ಇವರೆಲ್ಲ ಅಲ್ಲಿಗೆ ಯಾಕೆ ಹೋಗ್ಬೇಕಿತ್ತು?" ನಮ್ಮ ಪ್ರಗತಿಪರ ಗೆಳೆಯರೇ ಕೆಲವರು ಅಂದರು. ಸಾಫ್ಟ್‌ವೇರ್‌ನವನು ಉಕ್ರೇನ್‌ಗೋ ಅಮೆರಿಕಕ್ಕೋ ಹೋದರೆ ಸಾಧನೆ, ವಾಗ್ರಿ ಮಾತಾಡೋ ಹಕ್ಕಿ-ಪಿಕ್ಕಿ ಆಫ್ರಿಕಾಕ್ಕೆ ಹೋದರೆ ತಪ್ಪಾ? 1972ರ ವನ್ಯಜೀವಿ ಕಾಯ್ದೆ ಬಂದು ಬೇಟೆ ಹೋಯಿತು, ಬದಲಿಗೆ ಭೂಮಿ ಎಲ್ಲರಿಗೂ ಸಿಗಲಿಲ್ಲ. ಅವರು ಪಾಸ್‌ಪೋರ್ಟ್ ಮಾಡಿಸಿಕೊಂಡು ಜಗತ್ತು ಸುತ್ತೋದು ಕಲಿತರು. ಈ ವಿಷಯದಲ್ಲಿ ಅವರು ನಮಗಿಂತ ಮುಂದೆ ಇದಾರೆ.

ಪಾಸ್‌ಪೋರ್ಟಿನೊಳಗೂ ಎರಡು ಜಾತಿ ಇದೆ, ಬಹಳ ಜನ ಗಮನಿಸಿಲ್ಲ. ಹತ್ತನೇ ಕ್ಲಾಸ್ ಪಾಸಾಗದವರ ಪಾಸ್‌ಪೋರ್ಟಿಗೆ ಸಾಮಾನ್ಯವಾಗಿ ಇಸಿಆರ್ ಮುದ್ರೆ ಬೀಳುತ್ತೆ. 1983ರ ವಲಸೆ ಕಾಯ್ದೆಯ ಪ್ರಕಾರ ಕೊಲ್ಲಿ ದೇಶಗಳು, ಸುಡಾನ್, ಮಲೇಷ್ಯಾ ಇಂಥ ಕೆಲವು ದೇಶಗಳಿಗೆ ಅವರು ಕೆಲಸಕ್ಕೆ ಹೋಗಬೇಕಾದರೆ ಸರ್ಕಾರದ ಪರವಾನಗಿ ಬೇಕು. ಬಡ ಕಾರ್ಮಿಕರು ಮೋಸ ಹೋಗಬಾರದು ಅನ್ನೋದು ಉದ್ದೇಶ, ಒಪ್ಪೋಣ. ಆದರೆ 2018ರ ಜನವರಿಯಲ್ಲಿ ಇವರಿಗೆಲ್ಲ ಕಿತ್ತಳೆ ಬಣ್ಣದ ಬೇರೆ ಪಾಸ್‌ಪೋರ್ಟ್ ಕೊಡ್ತೀವಿ ಅಂತ ಕೇಂದ್ರ ಹೊರಟಿತ್ತು. ಎಲ್ಲ ಕಡೆ ವಿರೋಧ ಬಂದು ಅದೇ ತಿಂಗಳು ಕೈಬಿಟ್ಟರು. ದೂರದಿಂದಲೇ ಗುರುತು ಸಿಗೋ ಹಾಗೆ ಬಣ್ಣ ಹಚ್ಚಬೇಕು ಅನ್ನೋ ಆ ಯೋಚನೆ ನಮ್ಮ ದೇಶದಲ್ಲಿ ಹೊಸದೇನಲ್ಲ, ಬಿಡಿ.

ಸಮುದ್ರ ದಾಟಿದರೆ ಜಾತಿ ಮುಗಿಯುತ್ತೆ ಅಂತಲೂ ನಾನು ಹೇಳ್ತಿಲ್ಲ. ಬಿಹಾರದ ಒಬ್ಬ ಆದಿವಾಸಿ ಹೆಣ್ಣುಮಗಳನ್ನ ಮನೆಗೆಲಸಕ್ಕೆ ಇಂಗ್ಲೆಂಡಿಗೆ ಕರ್ಕೊಂಡು ಹೋದ ಭಾರತೀಯ ಮೂಲದ ಕುಟುಂಬ ಅವಳ ಪಾಸ್‌ಪೋರ್ಟನ್ನೇ ಇಟ್ಟುಕೊಂಡಿತ್ತು. 2015ರಲ್ಲಿ ಅಲ್ಲಿನ ಕಾರ್ಮಿಕ ನ್ಯಾಯಮಂಡಳಿ ಅವಳ ಪರ ತೀರ್ಪು ಕೊಟ್ಟಿತು. ಆದರೂ ಜಾತಿ ತಾರತಮ್ಯವನ್ನ ಸಮಾನತಾ ಕಾಯ್ದೆಯಲ್ಲಿ ಹೆಸರಿಸಿ ಸೇರಿಸೋಲ್ಲ ಅಂತ 2018ರಲ್ಲಿ ಬ್ರಿಟನ್ ಸರ್ಕಾರ ಹೇಳಿತು. ನಮ್ಮ ಹುಡುಗನಿಗೂ ಅಲ್ಲಿನ ಇಂಡಿಯನ್ ರೂಮ್‌ಮೇಟ್ ಮೊದಲ ವಾರವೇ ಕೇಳಿದ್ದಾನಂತೆ, "ನಿಮ್ಮ ಸರ್‌ನೇಮ್ ಏನು?" ಫ್ರೆಂಚ್ ಪೊಲೀಸ್ ಕೇಳದೇ ಇದ್ದಿದ್ದನ್ನ ಅವನು ಕೇಳಿದ.

ಸಂಘಟನೆಯ ಹಿರಿಯರೊಬ್ಬರ ಜೊತೆ ಈ ಬಗ್ಗೆ ಜಗಳವೂ ಆಯ್ತು. ಅವರ ಮಾತು, "ಮೊದಲು ಭೂಮಿ, ವಸತಿ. ಪಾಸ್‌ಪೋರ್ಟ್ ಏನಿದ್ರೂ ಮಧ್ಯಮ ವರ್ಗದ ಗೀಳು." ಭೂಮಿ ಬೇಡ ಅಂದವರು ಯಾರು ಸ್ವಾಮಿ? ಆದರೆ ಬಾಬಾಸಾಹೇಬರು ಕೊಲಂಬಿಯಾ, ಲಂಡನ್ ಕಾಣದೇ ಇದ್ದಿದ್ದರೆ ನಾವು ಇವತ್ತು ಯಾವ ಪುಸ್ತಕ ಹಿಡಿದು ಮಾತಾಡ್ತಿದ್ವಿ? ಕೇಂದ್ರದ ನ್ಯಾಷನಲ್ ಓವರ್‌ಸೀಸ್ ಸ್ಕಾಲರ್‌ಶಿಪ್ ಇಡೀ ದೇಶಕ್ಕೆ ವರ್ಷಕ್ಕೆ 125. ಅದರಲ್ಲೂ ಭಾರತದ ಸಂಸ್ಕೃತಿ, ಇತಿಹಾಸ, ಸಮಾಜದ ಬಗ್ಗೆ ಸಂಶೋಧನೆ ಮಾಡೋಕೆ ಹೋಗಬೇಡಿ ಅಂತ 2022ರಲ್ಲಿ ನಿಯಮ ತಂದರು. ಆ 125ರಲ್ಲಿ ಒಂದು ಸಿಕ್ಕಿದ ಮಕ್ಕಳೂ ಠಾಣೆಯ ಒಂದು ಸಾಲಿನ ವರದಿಗೆ ಬಿದ್ದುಹೋಗಬಾರದು.

ಬಿ. ಕೃಷ್ಣಪ್ಪನವರು ಪಾಠ ಮಾಡಿದ ಊರು ಭದ್ರಾವತಿ. ಇಲ್ಲಿ ಹೋರಾಟ ಅಂದರೆ ಧರಣಿ, ಧರಣಿ ಅಂದರೆ ಕೇಸು. ಅದಕ್ಕೆ ಯುವ ಗೆಳೆಯರಿಗೆ ಒಂದು ಮಾತು. ಕೋರ್ಟಿನಲ್ಲಿ ಕ್ರಿಮಿನಲ್ ಕೇಸು ನಡೀತಿದ್ದರೆ ಪಾಸ್‌ಪೋರ್ಟ್ ನಿರಾಕರಿಸಬಹುದು, ಆದರೆ ಕೋರ್ಟಿನ ಅನುಮತಿ ತಂದರೆ ಕೊಡ್ತಾರೆ. ಬರೀ ಎಫ್‌ಐಆರ್ ಆಗಿದೆ ಅಂತ ಹೆದರಿ ಅರ್ಜಿ ಹಾಕದೇ ಕೂರಬೇಡಿ. ಅರ್ಜಿಯಲ್ಲಿ ಮುಚ್ಚಿಡಲೂ ಬೇಡಿ, ವಕೀಲರನ್ನ ಕೇಳಿ.

ಬರೋ ಭಾನುವಾರ ಬೆಳಿಗ್ಗೆ ಹತ್ತಕ್ಕೆ ನಮ್ಮ ಕಾಲೋನಿಯ ಅಂಬೇಡ್ಕರ್ ಭವನದಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂರ್ತೀವಿ. ಆಧಾರ್, ಅಂಕಪಟ್ಟಿ, ಟಿಸಿ ತನ್ನಿ. ಹೆಸರಿನ ಅಕ್ಷರ ಮೂರರಲ್ಲೂ ಒಂದೇ ಇದೆಯಾ ಅಂತ ಮನೆಯಲ್ಲೇ ನೋಡ್ಕೊಂಡು ಬನ್ನಿ. ಪರಿಶೀಲನೆಗೆ ಬಂದಾಗ ಕರೆದರೆ ನಾವು ನಾಲ್ಕು ಜನ ಬಂದು ಜೊತೆ ನಿಲ್ತೀವಿ. ಟೀ ಮುಟ್ಟದಿದ್ದರೆ ನಾವು ಕುಡಿದುಬಿಡ್ತೀವಿ, ಅಮ್ಮಂದಿರು ಬೇಜಾರಾಗಬೇಡಿ.