ಕಚೇರಿಗೆ ಲಿನಕ್ಸ್: ಮೊದಲು ತಂತ್ರಾಂಶ, ಆಮೇಲೆ ವ್ಯವಸ್ಥೆ

ವಿಂಡೋಸ್ 10ಕ್ಕೆ ನೀಡುತ್ತಿದ್ದ ಸಾಮಾನ್ಯ ಬೆಂಬಲವನ್ನು ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ರಂದು ಕೊನೆಗೊಳಿಸಿತು. ವಿಂಡೋಸ್ 11 ಬಯಸುವ ಟಿಪಿಎಂ 2.0 ಭದ್ರತಾ ಸೌಲಭ್ಯವಾಗಲಿ, ಹೊಸ ಪೀಳಿಗೆಯ ಪ್ರೊಸೆಸರ್ ಆಗಲಿ ಹಳೆಯ ಗಣಕಗಳಲ್ಲಿ ಇಲ್ಲ. ಸುಸ್ಥಿತಿಯಲ್ಲಿರುವ ಯಂತ್ರಗಳನ್ನು ಗುಜರಿಗೆ ಹಾಕುವುದೇ ಅಥವಾ ಲಿನಕ್ಸ್ ಅಳವಡಿಸಿಕೊಳ್ಳುವುದೇ ಎಂಬ ಪ್ರಶ್ನೆ ಇದರಿಂದಾಗಿ ಮತ್ತೆ ಎದ್ದಿದೆ. ಆದರೆ ಈ ಚರ್ಚೆಯಲ್ಲಿ ಲೈಸೆನ್ಸ್ ಶುಲ್ಕದ ಲೆಕ್ಕಕ್ಕೆ ದೊರೆಯುವ ಪ್ರಾಮುಖ್ಯ, ಸಿಬ್ಬಂದಿ ದಿನವಿಡೀ ಬಳಸುವ ತಂತ್ರಾಂಶಗಳ ಆಯ್ಕೆಗೆ ದೊರೆಯುತ್ತಿಲ್ಲ. ವಾಸ್ತವದಲ್ಲಿ ಸೋಲು-ಗೆಲುವುಗಳು ನಿರ್ಧಾರವಾಗುವುದು ಅಲ್ಲಿಯೇ. ಯುರೋಪಿನ ಎರಡು ದೊಡ್ಡ ಪ್ರಯೋಗಗಳು ಇದಕ್ಕೆ ಸಾಕ್ಷಿ.

ಫ್ರೆಂಚ್ ಪೊಲೀಸರ ಹಾದಿ

ಫ್ರಾನ್ಸಿನ ಗ್ರಾಮಾಂತರ ಹಾಗೂ ಸಣ್ಣ ಪಟ್ಟಣಗಳ ಕಾನೂನು-ಸುವ್ಯವಸ್ಥೆ ನೋಡಿಕೊಳ್ಳುವ ಝಾಂಡಾರ್ಮೆರಿ ಪಡೆ ಆರಂಭದಲ್ಲಿ ಲಿನಕ್ಸ್‌ನ ಗೊಡವೆಗೇ ಹೋಗಲಿಲ್ಲ. 2005ರಲ್ಲಿ ಅದು ವಿಂಡೋಸ್ ಗಣಕಗಳಲ್ಲೇ ಮೈಕ್ರೋಸಾಫ್ಟ್ ಆಫೀಸ್ ಬದಲು ಓಪನ್ ಆಫೀಸ್ ತಂದಿತು. ಮರುವರ್ಷ ಫೈರ್‌ಫಾಕ್ಸ್ ಮತ್ತು ಥಂಡರ್‌ಬರ್ಡ್ ಬಂದವು. ಇವೆಲ್ಲವೂ ಎರಡೂ ವ್ಯವಸ್ಥೆಗಳಲ್ಲಿ ಒಂದೇ ಬಗೆಯಲ್ಲಿ ನಡೆಯುವ ತಂತ್ರಾಂಶಗಳು. ವಿಸ್ಟಾ ಬಂದಾಗ ಹೊಸ ವಿಂಡೋಸ್‌ಗೂ ತರಬೇತಿ ಬೇಕೆಂಬುದು ಸ್ಪಷ್ಟವಾಯಿತು. 2008ರಲ್ಲಿ ಪಡೆಯು ಉಬುಂಟು ಕಡೆಗೆ ತಿರುಗಿತು. ಅಷ್ಟರಲ್ಲಿ ಸಿಬ್ಬಂದಿಗೆ ಪತ್ರ ಬರೆಯುವ, ಅಂಚೆ ನೋಡುವ, ಜಾಲ ತೆರೆಯುವ ಸಾಧನಗಳು ಪರಿಚಿತವಾಗಿದ್ದವು. ಬದಲಾದದ್ದು ಅವುಗಳ ಕೆಳಗಿನ ನೆಲೆ ಮಾತ್ರ. 2024ರ ಹೊತ್ತಿಗೆ ಈ ಪಡೆಯ ಒಂದು ಲಕ್ಷಕ್ಕೂ ಹೆಚ್ಚು ಗಣಕಗಳು ಉಬುಂಟು ಆಧಾರಿತ ‘ಜೆಂಡ್‌ಬುಂಟು’ವಿನಲ್ಲಿ ಕೆಲಸ ಮಾಡುತ್ತಿದ್ದವು.

ಮ್ಯೂನಿಕ್‌ನ ಪಾಠ

ಜರ್ಮನಿಯ ಮ್ಯೂನಿಕ್ ನಗರಸಭೆಯ ಕಥೆ ಬೇರೆ. 2003ರಲ್ಲಿ ಅದು ಸುಮಾರು 14 ಸಾವಿರ ಗಣಕಗಳನ್ನು ಲಿನಕ್ಸ್‌ಗೆ ಒಯ್ಯಲು ತೀರ್ಮಾನಿಸಿದಾಗ ಜಗತ್ತೇ ಇತ್ತ ತಿರುಗಿ ನೋಡಿತ್ತು. ಮೇಯರ್ ಕ್ರಿಶ್ಚಿಯನ್ ಊಡೆ ಅವರ ಮನವೊಲಿಸಲು ಮೈಕ್ರೋಸಾಫ್ಟ್ ಮುಖ್ಯಸ್ಥ ಸ್ಟೀವ್ ಬಾಲ್ಮರ್ ಸ್ವತಃ ಧಾವಿಸಿದ್ದರು. 2013ರಲ್ಲಿ ‘ಲಿಮಕ್ಸ್’ ಯೋಜನೆ ಪೂರ್ಣಗೊಂಡಿತು ಎಂಬ ಘೋಷಣೆಯೂ ಆಯಿತು.

ಆದರೆ ತೊಡಕು ಇದ್ದದ್ದು ಲಿನಕ್ಸ್‌ನಲ್ಲಲ್ಲ. ಇಲಾಖೆಗೊಂದು ಗಣಕ ವಿಭಾಗ, ವಿಭಾಗಕ್ಕೊಂದು ಪದ್ಧತಿ. ಜತೆಗೆ ಮೈಕ್ರೋಸಾಫ್ಟ್ ಆಫೀಸ್‌ಗೆಂದೇ ಹೆಣೆದ ಸಾವಿರಾರು ಮಾದರಿ ಪತ್ರಗಳು ಮತ್ತು ಮ್ಯಾಕ್ರೋಗಳು. ಅವನ್ನು ನಿಭಾಯಿಸಲು ನಗರಸಭೆ ‘ವೋಲ್‌ಮಕ್ಸ್’ ಎಂಬ ತನ್ನದೇ ತಂತ್ರಾಂಶ ಬರೆಯಬೇಕಾಯಿತು. ಕೆಲವು ವಿಶೇಷ ತಂತ್ರಾಂಶಗಳು ವಿಂಡೋಸ್ ಬಿಟ್ಟು ಕದಲಲೇ ಇಲ್ಲ. ಹೊರಗಿನ ಕಚೇರಿಗಳಿಂದ ಬಂದ ಕಡತಗಳ ವಿನ್ಯಾಸ ಕೆಟ್ಟಾಗಲೆಲ್ಲ ಸಿಬ್ಬಂದಿಯ ಸಿಟ್ಟು ಲಿನಕ್ಸ್ ಮೇಲೆ ತಿರುಗಿತು. 2014ರಲ್ಲಿ ಮೇಯರ್ ಬದಲಾದರು, ರಾಜಕೀಯ ಬೆಂಬಲವೂ ಕರಗಿತು. 2017ರ ನವೆಂಬರ್‌ನಲ್ಲಿ ವಿಂಡೋಸ್‌ಗೆ ಮರಳುವ ನಿರ್ಣಯವಾಯಿತು. ಅದಕ್ಕೆ ಅಂದಾಜಿಸಿದ ವೆಚ್ಚ ಸುಮಾರು 5 ಕೋಟಿ ಯೂರೋ.

ಇದೇ ಜರ್ಮನಿಯ ಶ್ಲೆಸ್‌ವಿಗ್-ಹೋಲ್‌ಸ್ಟೈನ್ ರಾಜ್ಯ 2024ರ ಏಪ್ರಿಲ್‌ನಲ್ಲಿ ಸುಮಾರು 30 ಸಾವಿರ ಗಣಕಗಳ ಬದಲಾವಣೆಗೆ ಕೈಹಾಕಿತು. ಅದು ಹಿಡಿದದ್ದು ಫ್ರೆಂಚ್ ಹಾದಿ: ಮೊದಲು ಲಿಬ್ರೆ ಆಫೀಸ್, ಬಳಿಕ ಅಂಚೆ ವ್ಯವಸ್ಥೆ, ಕೊನೆಗೆ ಲಿನಕ್ಸ್.

ನಮ್ಮ ಕಡತಗಳ ಸ್ಥಿತಿ

ಇದು ಕನ್ನಡಿಗರಿಗೆ ದೂರದ ಮಾತೇನೂ ಅಲ್ಲ. ಯೂನಿಕೋಡ್ ಬರುವ ಮುನ್ನ ನುಡಿ, ಬರಹ ಮುಂತಾದ ತಂತ್ರಾಂಶಗಳಲ್ಲಿ ಬೆರಳಚ್ಚಾದ ಅಸಂಖ್ಯ ಕಡತಗಳು ಆಯಾ ಫಾಂಟ್‌ಗೇ ಕಟ್ಟುಬಿದ್ದಿವೆ. ಆ ಫಾಂಟ್ ಇಲ್ಲದ ಗಣಕದಲ್ಲಿ ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ರೋಮನ್ ಅಕ್ಷರಗಳು ಕಾಣಿಸುತ್ತವೆ. ಯೂನಿಕೋಡ್ ಕನ್ನಡಕ್ಕೆ ಲಿನಕ್ಸ್‌ನಲ್ಲಿ ಲೋಹಿತ್, ಗುಬ್ಬಿ, ನವಿಲು ಫಾಂಟ್‌ಗಳು ಮುಕ್ತವಾಗಿ ದೊರೆಯುತ್ತವೆ, ಕೊರತೆ ಅಲ್ಲಿಲ್ಲ. ಹಳೆಯ ಕಡತಗಳನ್ನು ಪರಿವರ್ತಿಸದೆ ಕಚೇರಿಗೆ ಲಿನಕ್ಸ್ ತಂದರೆ ಗುಮಾಸ್ತನ ಪಾಲಿಗೆ ಅದು ಸ್ವಾತಂತ್ರ್ಯವಲ್ಲ, ಶಿಕ್ಷೆ.

ಆದ್ದರಿಂದ ನಿರ್ಧಾರ ಕೈಗೊಳ್ಳುವವರು ಬೆಲೆಪಟ್ಟಿಗೆ ಮುನ್ನ ಸಿದ್ಧಪಡಿಸಬೇಕಾದದ್ದು ಕೆಲಸದ ಪಟ್ಟಿ. ಯಾವ ಕೆಲಸಕ್ಕೆ ಯಾವ ತಂತ್ರಾಂಶ? ಅದು ಎರಡೂ ವ್ಯವಸ್ಥೆಗಳಲ್ಲಿ ನಡೆಯುವುದೇ? ಕಡತಗಳು 2006ರಲ್ಲೇ ಅಂತಾರಾಷ್ಟ್ರೀಯ ಮಾನ್ಯತೆ ಪಡೆದ ಒಡಿಎಫ್‌ನಂಥ ಮುಕ್ತ ನಮೂನೆಯಲ್ಲಿವೆಯೇ? ಲೆಕ್ಕಪತ್ರದ ತಂತ್ರಾಂಶ, ಮುದ್ರಣಯಂತ್ರ, ಡಿಜಿಟಲ್ ಸಹಿ ಕೈಕೊಡದೆ ನಡೆಯುವವೇ? ಈ ಪ್ರಶ್ನೆಗಳಿಗೆ ಉತ್ತರ ಕಂಡುಕೊಂಡ ಸಂಸ್ಥೆಗೆ ಲಿನಕ್ಸ್ ಕೊನೆಯ ಸುಲಭದ ಹೆಜ್ಜೆಯಾಗುತ್ತದೆ. ಉತ್ತರವಿಲ್ಲದೆ ಹೊರಟ ಸಂಸ್ಥೆ ಶುಲ್ಕದಲ್ಲಿ ಉಳಿಸಿದ ಹಣವನ್ನು ಹಿಂದಿರುಗುವ ದಾರಿಯಲ್ಲಿ ಕಳೆದುಕೊಳ್ಳುತ್ತದೆ.