ಮೊದಲು ಮೆಟ್ಟಿಲು, ಆಮೇಲೆ ಟವರು

ಮುಂಬಯಿಯಲ್ಲಿ ಹೊಸ ಆಫೀಸು ಟವರಿನ ಜಾಹೀರಾತು ನೋಡಿ. "ಸ್ಟೇಷನ್ನಿನಿಂದ ಎರಡೇ ನಿಮಿಷ" ಎಂದು ದಪ್ಪ ಅಕ್ಷರದಲ್ಲಿ ಇದ್ದೇ ಇರುತ್ತದೆ. ಬೆಲೆ ಇರುವುದೇ ಆ ಎರಡು ನಿಮಿಷಕ್ಕೆ. ಆದರೆ ಆ ಎರಡು ನಿಮಿಷ ಎಲ್ಲಿ ನಡೆಯಬೇಕು, ಯಾವ ಮೆಟ್ಟಿಲು ಹತ್ತಬೇಕು ಎಂದು ಮಾತ್ರ ಯಾರೂ ಬರೆಯುವುದಿಲ್ಲ!

ಸ್ಟೇಷನ್ ಪಕ್ಕ ಎತ್ತರದ ಕಟ್ಟಡ ಬೇಡವೇ ಬೇಡ ಎನ್ನುವವನಲ್ಲ ನಾನು. ಕೆಲಸ ಇರುವಲ್ಲಿಗೆಲ್ಲ ರೈಲು ಒಯ್ಯುವುದಕ್ಕಿಂತ, ರೈಲು ಇರುವಲ್ಲಿಗೆ ಕೆಲಸ ತರುವುದೇ ಜಾಣತನ. ನವಿ ಮುಂಬಯಿ ಕಟ್ಟಲೆಂದು 1970ರಲ್ಲಿ ಹುಟ್ಟಿದ ಸಿಡ್ಕೋ ಇದನ್ನು ಅರಿತಿತ್ತು. 1992ರಲ್ಲಿ ಮಾನಖುರ್ದಿನಿಂದ ವಾಶಿಗೆ ಲೋಕಲ್ ಓಡಿತು. ಅಲ್ಲಿನ ರೈಲು ಮಾರ್ಗಗಳ ಖರ್ಚಿನಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಸಿಡ್ಕೋದು, ಉಳಿದದ್ದು ರೈಲ್ವೆಯದು. ವಾಶಿ, ಬೇಲಾಪುರಗಳಲ್ಲಿ ಸ್ಟೇಷನ್ನು, ಅಂಗಡಿ, ಆಫೀಸು ಎಲ್ಲ ಒಂದೇ ಸಂಕೀರ್ಣ. ಖಾಲಿ ನೆಲದಲ್ಲಿ ಇದು ಸುಲಭ. ಹಳಿ ಎಲ್ಲಿ, ಕಂಬ ಎಲ್ಲಿ, ಜನ ಎಲ್ಲಿಂದ ಹೊರಬರಬೇಕು ಎಂದು ಮೊದಲೇ ಕೂತು ನಿರ್ಧರಿಸಬಹುದು. ರೈಲು ಓಡುತ್ತಿರುವ ಸ್ಟೇಷನ್ನಿನಲ್ಲಿ ಹಾಗಲ್ಲ. ಹಳಿಗಳ ಮೇಲೆ ಒಂದು ಗರ್ಡರ್ ಇಡಬೇಕಾದರೂ ನಡುರಾತ್ರಿಯ ಎರಡು ಮೂರು ಗಂಟೆಯನ್ನೋ ಭಾನುವಾರದ ಮೆಗಾಬ್ಲಾಕನ್ನೋ ಕಾಯಬೇಕು.

ಈಗ ಪರೇಲಿಗೆ ಬನ್ನಿ. 1982ರ ಮುಷ್ಕರದ ನಂತರ ಒಂದೊಂದಾಗಿ ಗಿರಣಿಗಳು ಮುಚ್ಚಿದವು. ಆ ಜಾಗಗಳಲ್ಲಿ ಗಾಜಿನ ಟವರುಗಳು ಎದ್ದವು. ಕಟ್ಟಡ ಬೆಳೆಯಿತು, ಬಾಡಿಗೆ ಬೆಳೆಯಿತು, ಸ್ಟೇಷನ್ನಿನ ಕಿರಿದಾದ ಸೇತುವೆ ಮಾತ್ರ ಹಾಗೇ ಉಳಿಯಿತು. 2017ರ ಸೆಪ್ಟೆಂಬರ್ 29ರ ಬೆಳಿಗ್ಗೆ, ಆಫೀಸಿಗೆ ಹೋಗುವ ಹೊತ್ತು, ಮಳೆ ಬೇರೆ. ಎಲ್ಫಿನ್‌ಸ್ಟನ್ ರೋಡ್ ಸ್ಟೇಷನ್ನಿನ ಆ ಮೆಟ್ಟಿಲಲ್ಲಿ ನೂಕುನುಗ್ಗಲಾಗಿ 23 ಜನ ಸತ್ತರು. ಆಮೇಲೆ ಸೇನೆ ಬಂದು ಹೊಸ ಸೇತುವೆ ಕಟ್ಟಿತು, 2018ರ ಫೆಬ್ರವರಿಯಲ್ಲಿ ಅದು ತೆರೆಯಿತು. ಕೆಲವೇ ತಿಂಗಳಲ್ಲಿ ಆಗುವ ಕೆಲಸ, ಸ್ವಾಮಿ. ಅದಕ್ಕೆ 23 ಜೀವ ಬೇಕಿತ್ತೇ?

ಬಿ.ಕಾಂ. ಓದಿದವನ ಲೆಕ್ಕ ಹೇಳುತ್ತೇನೆ, ಕೇಳಿ. ಒಂದು ಟವರಿನಲ್ಲಿ 20 ಮಹಡಿ, ಮಹಡಿಗೆ 250 ಜನ, ಒಟ್ಟು 5,000 ಎನ್ನಿ. ಅವರಲ್ಲಿ 4,000 ಜನ ಬೆಳಿಗ್ಗೆ ಒಂದು ಗಂಟೆಯೊಳಗೆ ಲೋಕಲ್ಲಿನಲ್ಲಿ ಬಂದರೆ ನಿಮಿಷಕ್ಕೆ 67 ಜನ. ದೊಡ್ಡದೇನಲ್ಲ ಅನಿಸುತ್ತದೆ. ಆದರೆ ಲೋಕಲ್ಲು ಜನರನ್ನು ಹನಿಹನಿಯಾಗಿ ಇಳಿಸುವುದಿಲ್ಲ, ಕೊಡ ಬೋರಲು ಹಾಕಿದ ಹಾಗೆ ಸುರಿಯುತ್ತದೆ. ಆರು ನಿಮಿಷಕ್ಕೊಂದು ಗಾಡಿ ಎಂದರೆ ಗಾಡಿಗೆ 400 ಜನ. ಅದೂ ಒಂದೇ ಟವರಿಗೆ! ಅಂಥ ನಾಲ್ಕು ಟವರು ಎದ್ದರೆ ಹಳೆಯ ಮೆಟ್ಟಿಲು ಏನಾದೀತು?

ಬ್ಯಾಂಕಿನಲ್ಲಿ ನಾವು ಕಟ್ಟಡದ ಸಾಲವನ್ನು ಒಂದೇ ಸಲ ಕೊಡುವುದಿಲ್ಲ. ಪಾಯ ಆಯಿತೇ, ಸ್ಲ್ಯಾಬ್ ಬಿತ್ತೇ ಎಂದು ನೋಡಿ ಕಂತು ಕಂತಾಗಿ ಬಿಡುಗಡೆ ಮಾಡುತ್ತೇವೆ. ಸ್ಟೇಷನ್ ಪಕ್ಕದ ಹೆಚ್ಚುವರಿ ಎಫ್‌ಎಸ್‌ಐಯನ್ನೂ ಹೀಗೇ ಕೊಡಬೇಕು ಎಂಬುದು ನನ್ನ ವಾದ. ಅಗಲವಾದ ಮೆಟ್ಟಿಲು, ಲಿಫ್ಟು, ನೆರಳಿರುವ ಕಾಲುದಾರಿ, ಶೌಚಾಲಯ ಇವೆಲ್ಲ ತಯಾರಾಗಿ ಜನ ಓಡಾಡಲು ಶುರು ಮಾಡಿದ ಮೇಲೆ ಮುಂದಿನ ಮಹಡಿಗೆ ಅನುಮತಿ. ಆ ದಾರಿ ಮೊದಲ ಲೋಕಲ್ಲಿನಿಂದ ಕೊನೆಯ ಲೋಕಲ್ಲಿನವರೆಗೆ ತೆರೆದಿರಬೇಕು. ಮಾಲಿನೊಳಗೆ ಮೂರು ಸುತ್ತು ಹಾಕಿಸಿ ಐಸ್‌ಕ್ರೀಂ ಅಂಗಡಿ ತೋರಿಸಿ ಪ್ಲಾಟ್‌ಫಾರ್ಮಿಗೆ ಬಿಡುವ ದಾರಿ ಲೆಕ್ಕಕ್ಕಿಲ್ಲ.

ಇನ್ನೊಂದು ಮಾತು. ಬರೀ ಆಫೀಸು ತುಂಬಿದ ಟವರಿಗೆ ಬೆಳಿಗ್ಗೆ ಎಲ್ಲರೂ ಒಳಗೆ, ಸಂಜೆ ಎಲ್ಲರೂ ಹೊರಗೆ. ಜೊತೆಗೆ ಮನೆ, ದವಾಖಾನೆ, ಮಕ್ಕಳನ್ನು ನೋಡಿಕೊಳ್ಳುವ ಕೇಂದ್ರ, ದಿನಸಿ ಅಂಗಡಿ ಇದ್ದರೆ ಜನ ದಿನವಿಡೀ ಹಂಚಿಹೋಗುತ್ತಾರೆ. ರಾತ್ರಿ ಒಂಬತ್ತಕ್ಕೆ ಇಳಿಯುವ ಹೆಣ್ಣುಮಗಳಿಗೂ ದಾರಿ ನಿರ್ಜನ ಅನಿಸುವುದಿಲ್ಲ. ಕೇಂದ್ರ ಸರ್ಕಾರದ 2017ರ ನೀತಿಯೂ ಸ್ಟೇಷನ್ ಸುತ್ತ ಇಂಥ ಬೆರಕೆ ಬಳಕೆಯನ್ನೇ, ನಡೆಯುವವರ ಅನುಕೂಲವನ್ನೇ ಹೇಳುತ್ತದೆ. ಆದರೆ ಕಾಗದದಲ್ಲಿರುವ ನೀತಿಯ ಮೇಲೆ ಯಾರೂ ಕಾಲಿಟ್ಟು ನಡೆಯಲಾಗದು.

ಟವರಿಗೆ ಬೆಲೆ ಬಂದದ್ದು ಪಾಸು ಹಿಡಿದು ನೇತಾಡಿ ಬರುವವನಿಂದ. ಅವನಿಗೆ ಲಾಭದಲ್ಲಿ ಪಾಲು ಬೇಡ, ಉಸಿರಾಡುವಷ್ಟು ಅಗಲದ ಮೆಟ್ಟಿಲು ಸಾಕು. ನಿಮ್ಮ ಸ್ಟೇಷನ್ನಿನಲ್ಲಿ ಹೇಗಿದೆ? ಪುಣೆ, ಹೈದರಾಬಾದ್, ಚೆನ್ನೈನವರೂ ಬರೆಯಿರಿ.