ಜ್ವರ ಬಿಟ್ಟ ಮೇಲೆ ಉಸಿರು ಎಣಿಸಿ

ಜ್ವರ ಬಿಟ್ಟಿತೆಂಬ ಒಂದೇ ಕಾರಣಕ್ಕೆ ಫ್ಲೂ ರೋಗಿಯನ್ನು ಗುಣವಾದವರ ಲೆಕ್ಕಕ್ಕೆ ಸೇರಿಸಿ, ಎರಡು ದಿನದ ನಂತರ ಚಳಿ ನಡುಕದೊಂದಿಗೆ ಜ್ವರ ಮರಳಿದಾಗ ಉಳಿದ ಮಾತ್ರೆಯನ್ನೇ ಮತ್ತೆ ನುಂಗಿಸುವ ರೂಢಿ ವಡೋದರಾದ ಮಂಜಲ್‌ಪುರದಿಂದ ಹಾಸನದ ಆಲೂರಿನವರೆಗೆ ಒಂದೇ ಆಗಿದ್ದು, ಇನ್ನು ಇದನ್ನು ಸಹಿಸಲಾಗದು. 2023ರ ಮಾರ್ಚ್‌ನಲ್ಲಿ ಹಾಸನ ಜಿಲ್ಲೆಯ ಹಿರಿಯರೊಬ್ಬರ ಸಾವು ವರದಿಯಾದಾಗ ಎಚ್‌3ಎನ್‌2 ಎಂಬ ಫ್ಲೂ ವೈರಸ್ಸಿನ ಹೆಸರು ಮನೆಮಾತಾಯಿತು. ಫ್ಲೂ ಎದೆಗೆ ಇಳಿಯುವುದು ಹೇಗೆ ಎಂಬ ವಿವರಣೆ ಮಾತ್ರ ಹಿಂದೆಯೇ ಉಳಿಯಿತು.

ಹೆಸರಿನ ಈ ಮೋಹ ಹಳೆಯದು. 1892ರಲ್ಲಿ ಜರ್ಮನಿಯ ರಿಚರ್ಡ್ ಫೈಫರ್ ಫ್ಲೂ ರೋಗಿಗಳ ಕಫದಲ್ಲಿ ಕಂಡ ಬ್ಯಾಕ್ಟೀರಿಯಾವನ್ನೇ ರೋಗದ ಮೂಲವೆಂದು ಸಾರಿದನು. ಮನುಷ್ಯರ ಫ್ಲೂ ವೈರಸ್ ಪತ್ತೆಯಾದದ್ದು 1933ರಲ್ಲಿ. ಆದರೂ ಆ ತಪ್ಪಿನೊಳಗೆ ಒಂದು ಸತ್ಯವಿತ್ತು: 1918ರ ಮಹಾಮಾರಿಯ ಬಹುಪಾಲು ಸಾವುಗಳಿಗೆ ವೈರಸ್ಸಿನ ಬೆನ್ನಿಗೆ ಬಂದ ಬ್ಯಾಕ್ಟೀರಿಯಾದ ನ್ಯುಮೋನಿಯಾ, ಅಂದರೆ ಶ್ವಾಸಕೋಶದ ಗಾಳಿಚೀಲಗಳಲ್ಲಿ ಕೀವು ನೀರು ತುಂಬುವ ಸೋಂಕು, ಕಾರಣವೆಂದು 2008ರಲ್ಲಿ ಅಮೆರಿಕದ ಸಂಶೋಧಕರು ಅಂದಿನ ಅಂಗಾಂಶಗಳನ್ನು ಪರೀಕ್ಷಿಸಿ ತೋರಿಸಿದರು. ಕೊಳೆಯನ್ನು ಮೇಲಕ್ಕೆ ಗುಡಿಸುವ ಶ್ವಾಸನಾಳದ ಸೂಕ್ಷ್ಮ ರೋಮಗಳನ್ನು ವೈರಸ್ ಹಾಳುಮಾಡುವುದರಿಂದ, ಗಂಟಲಲ್ಲಿ ಸುಮ್ಮನಿದ್ದ ನ್ಯುಮೊಕಾಕಸ್‌ನಂಥ ಬ್ಯಾಕ್ಟೀರಿಯಾ ಕೆಳಗಿಳಿದು ನೆಲೆಸುತ್ತದೆ.

ಆದ್ದರಿಂದಲೇ ಇಳಿದ ಜ್ವರ ಮತ್ತೆ ಏರುವುದು, ಕಫ ತುಕ್ಕಿನ ಬಣ್ಣಕ್ಕೆ ತಿರುಗುವುದು, ಉಸಿರೆಳೆದಾಗ ಎದೆಯಲ್ಲಿ ಚುಚ್ಚುವುದು ಎಚ್ಚರಿಕೆಯ ಗುರುತುಗಳು. ವೈರಸ್ ತಾನೇ ಶ್ವಾಸಕೋಶಕ್ಕೆ ಇಳಿದರೆ ಈ ನಡುವಿನ ಬಿಡುವೂ ಇಲ್ಲದೆ ಮೊದಲ ಕೆಲವು ದಿನಗಳಲ್ಲೇ ಏದುಸಿರು ಹೆಚ್ಚುತ್ತದೆ. ವೃದ್ಧರಲ್ಲಿ ಜ್ವರವೇ ಕಾಣದೆ ಬರಿಯ ಮಂಕು, ತಬ್ಬಿಬ್ಬು ಕಾಣಬಹುದು. ಕೆಮ್ಮೊಂದೇ ಮೂರು ವಾರ ಉಳಿದರೆ ಹೆದರಬೇಕಿಲ್ಲ. ಅಂಥ ಕೆಮ್ಮಿಗೆ ಅಂಗಡಿಯಿಂದ ಅಜಿಥ್ರೋಮೈಸಿನ್ ಎಂಬ ಆಂಟಿಬಯೋಟಿಕ್ ತಂದು ನುಂಗುವುದನ್ನು ಭಾರತೀಯ ವೈದ್ಯಕೀಯ ಸಂಘವು 2023ರ ಮಾರ್ಚ್‌ನಲ್ಲೇ ಖಂಡಿಸಿದೆ.

ಬರಿಯ ಕೆಮ್ಮನ್ನೂ ನ್ಯುಮೋನಿಯಾವನ್ನೂ ಬೇರ್ಪಡಿಸುವ ಸುಲಭ ಅಳತೆ ಉಸಿರು. ವಿಶ್ರಾಂತಿಯಲ್ಲಿರುವ ವಯಸ್ಕರ ಎದೆ ನಿಮಿಷಕ್ಕೆ 30 ಬಾರಿ, 1ರಿಂದ 5 ವರ್ಷದ ಮಗುವಿನ ಎದೆ 40 ಬಾರಿ, 2ರಿಂದ 11 ತಿಂಗಳ ಕೂಸಿನ ಎದೆ 50 ಬಾರಿ ಏರಿಳಿದರೆ, ಉಗುರು ತುಟಿ ನೀಲಿಯಾದರೆ, ಮಗುವಿನ ಪಕ್ಕೆ ಒಳಸೇದಿದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ವಡೋದರಾದವರಿಗೆ ಸರ್ ಸಯಾಜಿರಾವ್ ಜನರಲ್ ಆಸ್ಪತ್ರೆ ಊರೊಳಗೇ ಇದೆ.

2015ರ ಫೆಬ್ರುವರಿಯಲ್ಲಿ ಹಂದಿಜ್ವರ ಹಬ್ಬಿದಾಗ ಅಹಮದಾಬಾದಿನ ಆಡಳಿತವು 144ನೇ ಸೆಕ್ಷನ್ ಹೇರಿ ಜನ ಸೇರುವುದನ್ನು ತಡೆಯಿತು. ನಿಷೇಧಾಜ್ಞೆಗೆ ಅಷ್ಟು ಬೇಗ ಸಹಿ ಬೀಳುವ ದೇಶದಲ್ಲಿ ತಾಯಂದಿರಿಗೆ ಮಗುವಿನ ಉಸಿರು ಎಣಿಸುವುದನ್ನು ಕಲಿಸುವ ಕೆಲಸ ಬಾಕಿ ಉಳಿದಿರುವುದಕ್ಕೆ ಯಾವ ವೈರಸ್ಸೂ ಹೊಣೆಯಲ್ಲ.